ಬ್ಯಾಂಡ್ ಮಾಸ್ಟರ್ ಮತ್ತು ಬಚ್ಚಲ ಬಾಗಿಲು

ಹೊಸ ತಿಪ್ಪಸಂದ್ರದ ಮಾರುಕಟ್ಟೆ ರಸ್ತೆಯಲ್ಲಿ ಮೆಂತ್ಯ ಸೊಪ್ಪಿಗೆ ಚೌಕಾಸಿ ಮಾಡುತ್ತಿದ್ದೆ. ನಮ್ಮ ಬೀದಿಯ ಹುಡುಗಿಯೊಬ್ಬಳು ಬಂದು ಪಕ್ಕದಲ್ಲಿ ನಿಂತಳು.

"ಮ್ಯಾಮ್, ನೀವು ಆಸ್ಪತ್ರೇಲಿ ಮ್ಯೂಸಿಕ್ ಥೆರಪಿಸ್ಟ್ ಆಗಿದ್ರಂತೆ? ನಾನೂ ಅದೇ ಲೈನಿಗೆ ಬರ್ಬೇಕು ಅಂತಿದ್ದೀನಿ. ಕೋರ್ಸ್ ಮುಗೀತು. ಸ್ಕೋಪ್ ಹೇಗಿದೆ?"

ಯಾವ ಕೋರ್ಸು ಎಂದು ಕೇಳಿದೆ. ಶನಿವಾರ ಭಾನುವಾರ ಮನೆಯಲ್ಲೇ ಕೂತು ಮೊಬೈಲಿನಲ್ಲಿ ಮಾಡಿದ್ದಂತೆ. ರೋಗಿ ಅನ್ನುವವರನ್ನು ಒಬ್ಬರನ್ನಾದರೂ ನೋಡಿದ್ದೀಯಾ ಎಂದೆ.

"ಇಲ್ಲ ಮ್ಯಾಮ್. ಆದ್ರೆ ಯಾವ ಕಾಯಿಲೆಗೆ ಯಾವ ರಾಗ ಅಂತ ಫುಲ್ ಬಾಯಿಪಾಠ ಆಗಿದೆ."

"ಮೊದ್ಲು ಅದನ್ನ ಮರ್ತುಬಿಡು," ಎಂದೆ.

ಹುಡುಗಿಯ ಮುಖ ಸಣ್ಣದಾಯಿತು. ಸೊಪ್ಪಿನವನೂ ನನ್ನನ್ನು ಒಂದು ಥರಾ ನೋಡಿದ. ಮುದುಕಿಗೆ ಹೊಟ್ಟೆಕಿಚ್ಚು ಎಂದುಕೊಂಡಿರಬೇಕು. ನಡುಬೀದಿಯಲ್ಲಿ ಕಟ್ಟು ಸೊಪ್ಪು ಹಿಡಿದುಕೊಂಡು ಹೇಳಿ ಮುಗಿಸುವ ಮಾತಲ್ಲ ಇದು. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಹಲಸೂರಿನವಳು. ಹಾಡು ಕಲಿತೆ, ಸಂಗೀತದಲ್ಲಿ ಎಂ.ಎ. ಮಾಡಿದೆ, ಇಂದಿರಾನಗರದ ಶಾಲೆಯೊಂದರಲ್ಲಿ ಟೀಚರಾದೆ. ಆ ಶಾಲೆಯಲ್ಲಿ ಸಂಗೀತದ ಪೀರಿಯಡ್ ಎಂದರೆ ಗಣಿತದ ಮೇಷ್ಟ್ರು ಪೋರ್ಷನ್ ಮುಗಿಸಿಕೊಳ್ಳಲು ಇದ್ದ ಪೀರಿಯಡ್. ಬೇಸತ್ತು ಸಂಗೀತ ಚಿಕಿತ್ಸೆಯ ತರಬೇತಿಗೆ ಸೇರಿಕೊಂಡೆ. ಅಲ್ಲಿ ನಮಗೆ ಪಾಠ ಹೇಳಿದ ಮಹನೀಯರು ನಾದ, ಬ್ರಹ್ಮಾಂಡ, ಕಂಪನ ಎಂದು ಬೋರ್ಡಿನ ತುಂಬ ಸುರುಳಿ ಬರೆಯುತ್ತಿದ್ದರು. ಅವರು ವಾರ್ಡಿಗೆ ಕಾಲಿಟ್ಟದ್ದನ್ನು ನಾವು ಯಾರೂ ನೋಡಲಿಲ್ಲ. ಡೆಟಾಲ್ ವಾಸನೆ ಅವರಿಗೆ ಆಗುವುದಿಲ್ಲವಂತೆ. ನನಗೆ ನಿಜವಾದ ಪಾಠ ಹೇಳಿದವರು ವಾರ್ಡಿನ ಸಿಸ್ಟರ್. ಅದೂ ಗದರಿಸಿಕೊಂಡು ಹೇಳಿದ್ದು. "ಕೈ ತೊಳ್ಕೊ. ಬಾಗಿಲು ತಟ್ಟು. ಕೇಸ್ ಶೀಟ್ ಓದು. ಪೇಷೆಂಟ್ ಹೇಳಿದ್ದನ್ನ ಹೊರಗೆ ಆಡ್ಬೇಡ. ಪೇಷೆಂಟ್ ಬೇಡ ಅಂದ್ರೆ ಹಾಡೋದು ನಿಲ್ಸಿ ಎದ್ದು ಹೋಗು." ಅಷ್ಟನ್ನು ಕಲಿತರೆ ಅರ್ಧ ವಿದ್ಯೆ ಬಂದ ಹಾಗೆ. ಉಳಿದ ಅರ್ಧ ನನಗಿನ್ನೂ ಪೂರ್ತಿ ಬಂದಿಲ್ಲ.

ಹಳೆ ಮದರಾಸು ರಸ್ತೆಯ ಕಡೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಸಂದರ್ಶನದಲ್ಲಿ ಡೈರೆಕ್ಟರ್ ಸಾಹೇಬರು ಕೇಳಿದ ಮೊದಲ ಪ್ರಶ್ನೆ: "ಶುಗರ್‌ಗೆ ಯಾವ ರಾಗ ಮೇಡಂ?"

"ಶುಗರ್‌ಗೆ ಮಾತ್ರೆ ಸರ್," ಎಂದೆ.

ಅವರು ಗಹಗಹಿಸಿ ನಕ್ಕು ಕೆಲಸ ಕೊಟ್ಟುಬಿಟ್ಟರು. ನಾನು ತಮಾಷೆ ಮಾಡಿರಲಿಲ್ಲ ಎನ್ನುವುದು ಅವರಿಗೆ ಗೊತ್ತಾಗುವ ಹೊತ್ತಿಗೆ ನನ್ನ ಹೆಸರಿನ ಬೋರ್ಡು ಬರೆಸಿಯಾಗಿತ್ತು. ಆ ಬೋರ್ಡನ್ನು ಹಾಕಿದ್ದು ಯಾವ ವಿಭಾಗದಲ್ಲಿ ಎಂದುಕೊಂಡಿರಿ? ನರರೋಗ ವಿಭಾಗದಲ್ಲೂ ಅಲ್ಲ, ಫಿಸಿಯೋಥೆರಪಿಯಲ್ಲೂ ಅಲ್ಲ. ಲಾಬಿಯಲ್ಲಿ ಹೂದಾನಿ ಜೋಡಿಸುವವರು, ಕಾಫಿ ಯಂತ್ರ ನೋಡಿಕೊಳ್ಳುವವರು ಇದ್ದ ಅತಿಥಿ ಸತ್ಕಾರ ವಿಭಾಗದಲ್ಲಿ. ಡಾಕ್ಟರುಗಳ ಕಣ್ಣಿಗೆ ನಾನು ಊಟಕ್ಕಿಲ್ಲದ ಉಪ್ಪಿನಕಾಯಿ.

ಲಿಫ್ಟಿನ ಪಕ್ಕ ಚೌಕಟ್ಟು ಹಾಕಿದ ರಾಗದ ಪಟ್ಟಿಯೊಂದಿತ್ತು. ರಕ್ತದೊತ್ತಡಕ್ಕೆ ಒಂದು ರಾಗ, ನಿದ್ದೆಗೆ ಒಂದು, ಮಲಬದ್ಧತೆಗೂ ಒಂದು. ಅದನ್ನು ಬರೆದವರು ಯಾರು ಎಂದು ವಿಚಾರಿಸಿದೆ. ಜಾಹೀರಾತು ನೋಡಿಕೊಳ್ಳುವವರು ಎಲ್ಲಿಂದಲೋ ಇಳಿಸಿಕೊಂಡಿದ್ದಂತೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ.

ಪಟ್ಟಿಯ ಪ್ರತಾಪ ಹೇಳುತ್ತೇನೆ ಕೇಳಿ. ಪಿಟೀಲು ವಿದ್ವಾಂಸರೊಬ್ಬರು ರಕ್ತದೊತ್ತಡ ಏರಿ ಅಡ್ಮಿಟ್ ಆಗಿದ್ದರು. ಅವರ ಕೋಣೆಗೆ ಪಟ್ಟಿಯ ಪ್ರಕಾರ ಕೊಳಲು ಹಾಕಿದ್ದರು. ಆಗಿನ್ನೂ ಕ್ಯಾಸೆಟ್ಟಿನ ಕಾಲ, ಟೇಪು ಎಳೆದು ಎಳೆದು ಶ್ರುತಿ ಇಳಿದುಹೋಗಿತ್ತು. ಒತ್ತಡ ನೋಡಿದ ಹಾಗೆಲ್ಲ ಏರುತ್ತಲೇ ಇದೆ! ಡ್ಯೂಟಿ ಡಾಕ್ಟರು ಮಾತ್ರೆ ಬದಲಾಯಿಸುವುದರಲ್ಲಿದ್ದರು. ನಾನು ಒಳಗೆ ಹೋದಾಗ ವಿದ್ವಾಂಸರು ಹಲ್ಲು ಕಚ್ಚಿಕೊಂಡು ಗೋಡೆ ಕಡೆ ತಿರುಗಿ ಮಲಗಿದ್ದರು. "ತಾಯಿ, ಕಾಯಿಲೆ ಬೇಕಾದ್ರೆ ಇರ್ಲಿ, ಇವನ ಬಾಯಿ ಮುಚ್ಸು," ಎಂದರು. ಆರಿಸಿದೆ. ಸ್ವಲ್ಪ ಹೊತ್ತಿಗೆ ಅವರಿಗೆ ಗೊರಕೆ ಬಂತು. ಆ ಆಸ್ಪತ್ರೆಯಲ್ಲಿ ನಾನು ಮಾಡಿದ ಮೊದಲ ಯಶಸ್ವಿ ಚಿಕಿತ್ಸೆ ಅದು.

ಇನ್ನೊಮ್ಮೆ, ಆಪರೇಷನ್ನಿಗೆ ಹೊರಟಿದ್ದ ಶಿವಾಜಿನಗರದ ಒಬ್ಬ ಅಜ್ಜಿಯ ಮುಂದೆ, ನಿದ್ದೆ ಬರಿಸುವ ರಾಗ ನೀಲಾಂಬರಿ ಹಾಡು ಎಂದು ನನ್ನನ್ನು ಕೂರಿಸಿದರು. ಅಜ್ಜಿ ನಾಲ್ಕು ಸಾಲು ಕೇಳಿ, "ಸುಲಾನೇಕು ಡಾಕ್ಟರಾಂ ಹೈ ನಾ, ತುಮೆ ಕೈಕು?" ಎಂದಳು. ಮಲಗಿಸುವುದಕ್ಕೆ ಡಾಕ್ಟರುಗಳಿದ್ದಾರಲ್ಲ, ನೀನು ಯಾಕೆ ಅಂತ. ಅವಳ ಮಗಳು ಎಲ್ಲಿದ್ದಾಳೆ ಅಂತ ಯಾರೂ ಹೇಳದೆ ಅವಳು ಕಂಗಾಲಾಗಿದ್ದಳು. ನಾನು ರಾಗ ಬಿಟ್ಟು ಮಗಳನ್ನು ಹುಡುಕಿಕೊಂಡು ಬಂದೆ. ಅತಿಥಿ ಸತ್ಕಾರ ವಿಭಾಗಕ್ಕೆ ಅಂದು ನ್ಯಾಯ ಒದಗಿಸಿದೆ ಎನ್ನಬಹುದು.

ಕ್ಯಾಸೆಟ್ ಹೋಗಿ ಸೀಡಿ ಬಂತು, ಸೀಡಿ ಹೋಗಿ ಬ್ಲೂಟೂತ್ ಡಬ್ಬಿ ಬಂತು, ಕೊನೆಗೆ ಆಪ್ ಬಂತು. ಪಟ್ಟಿ ಮಾತ್ರ ಹೋಗಲಿಲ್ಲ. ಆಪಿನೊಳಗೂ ಅದೇ ಪಟ್ಟಿ, ಹಿಂದೆ ಕಮಲದ ಚಿತ್ರ.

ಇಷ್ಟು ವರ್ಷಗಳ ಕೆಲಸದಲ್ಲಿ ಹೊಸಬರು ತಿಳಿಯಬೇಕಾದ್ದು ಮುನಿಸ್ವಾಮಿಯವರ ವಿಷಯ. ಶಿವಾಜಿನಗರದ ಮದುವೆ ಬ್ಯಾಂಡೊಂದರಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದವರು, ಆಮೇಲೆ ಅದೇ ಬ್ಯಾಂಡಿನ ಮಾಸ್ಟರ್ ಆದವರು. ಕಂಟೋನ್ಮೆಂಟಿನಲ್ಲಿ ಮೆರವಣಿಗೆ ಮಾಡಿಕೊಂಡು ಮದುವೆಯಾದ ಗಂಡುಗಳಲ್ಲಿ ಎಷ್ಟೋ ಜನ ಅವರ ಹಿಂದೆ ನಡೆದವರೇ. ಅವರಿಗೆ ಪಾರ್ಕಿನ್ಸನ್ಸ್ ಬಂದಿತ್ತು. ಕೈ ನಡುಗುವುದಕ್ಕಿಂತ ಅವರನ್ನು ಕಾಡಿದ್ದು ಕಾಲು. ಬಯಲಿನಲ್ಲಿ ಹೇಗೋ ನಡೆಯುತ್ತಿದ್ದರು. ಬಾಗಿಲು ಎದುರಾದರೆ ಸಾಕು, ಪಾದ ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಿದ್ದರು. ಮನೆಯಲ್ಲಿ ಹಾಗೆಯೇ ಮುಗ್ಗರಿಸಿ ಬಿದ್ದು ಆಸ್ಪತ್ರೆಗೆ ಬಂದಿದ್ದರು.

ನರರೋಗ ತಜ್ಞೆ ಡಾಕ್ಟರ್ ನಳಿನಿ ನನ್ನನ್ನು ಕರೆಸಿದರು. ಆ ಆಸ್ಪತ್ರೆಯಲ್ಲಿ ನನ್ನನ್ನು ಮನುಷ್ಯಳ ಹಾಗೆ ನೋಡುತ್ತಿದ್ದ ಒಬ್ಬರೇ ಡಾಕ್ಟರ್ ಅವರು. "ಈ ಕಾಯಿಲೆಯವ್ರಿಗೆ ಬಾಗಿಲು ಕಂಡ್ರೆ ಕಾಲು ಕಟ್ಕೊಳ್ಳುತ್ತೆ. ಒಳಗಿನ ತಾಳ ತಪ್ಪಿರುತ್ತೆ, ಹೊರಗಿಂದ ಕೊಟ್ರೆ ಕೆಲವ್ರು ನಡೀತಾರೆ. ಗುಣ ಆಗೋ ಕಾಯಿಲೆ ಅಲ್ಲ, ಆಸೆ ತೋರಿಸ್ಬೇಡಿ," ಎಂದರು. ಈ ಮಾತನ್ನು ಡೈರೆಕ್ಟರ್ ಕೋಣೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ ಹಾಕಬೇಕಿತ್ತು.

ಆಸ್ಪತ್ರೆಯಲ್ಲಿ ಮಾಸ್ಟರ್ ಜೊತೆಗಿದ್ದವಳು ಸೊಸೆ ಸೆಲ್ವಿ. ಮಗ ಡ್ರೈವರ್, ಬೆಳಿಗ್ಗೆ ಹೋದರೆ ಮನೆಗೆ ಬರುವುದು ಯಾವಾಗಲೋ. ಮೊದಲ ದಿನ ಪಟ್ಟಿಯ ಪ್ರಕಾರ ಏನೋ ವೀಣೆ ಹಾಕಿದೆ. ಮಾಸ್ಟರ್ ವಿಧೇಯರಾಗಿ ಕೇಳಿದರು. "ಚೆನ್ನಾಗಿದೆ ಮಾ. ನಿದ್ದೆ ಬರುತ್ತೆ," ಎಂದರು. ನಾನು ಯಂತ್ರ ಆರಿಸಿ, ನಿಮಗೇನಾಗಬೇಕು ಹೇಳಿ ಮಾಸ್ಟರ್ ಎಂದೆ. ಸೆಲ್ವಿ ಕಾಫಿ ತರಲು ಹೋದ ಮೇಲೆ ಬಾಯಿ ಬಿಟ್ಟರು.

"ಮನೇಲಿ ಸೆಲ್ವಿ ನನ್ನ ಬಾತ್ರೂಮಿಗೆ ಕರ್ಕೊಂಡ್ ಹೋಗ್ತಾಳೆ ಮಾ. ಮಗಳಂಥಾ ಹುಡ್ಗಿ. ನಾನು ಬೀಳ್ತೀನಿ ಅಂತ ಒಳ್ಗಡೆ ಚಿಲಕ ತೆಗೆಸ್ಬಿಟ್ಟಿದ್ದಾಳೆ. ಬಾಗ್ಲು ತೆಗ್ದಿಟ್ಕೊಂಡು, ಮುಖ ಆಕಡೆ ಮಾಡ್ಕೊಂಡು ನಿಂತಿರ್ತಾಳೆ." ಸೆಲ್ವಿ ಹೋದ ಕಡೆ ಒಮ್ಮೆ ನೋಡಿ, "ನಂಗೆ ಕಾಲು ಸರಿಹೋಗೋದು ಬೇಡ. ಆ ಒಂದು ಬಾಗ್ಲು ನಾನೇ ದಾಟಿ, ನಾನೇ ಮುಚ್ಕೊಳ್ಳೋ ಹಾಗೆ ಮಾಡು. ಸಾಕು," ಎಂದರು.

ಸಂಗೀತ ಕಲಿತದ್ದಕ್ಕೆ ಅಷ್ಟು ಸ್ಪಷ್ಟವಾದ ಕೆಲಸ ನನಗೆ ಅಲ್ಲಿಯವರೆಗೆ ಯಾರೂ ಕೊಟ್ಟಿರಲಿಲ್ಲ.

ತಾಳ ಬೇಕು ತಾನೆ? ಅವರ ಬ್ಯಾಂಡಿನ ತಾಳಕ್ಕಿಂತ ಒಳ್ಳೆಯದು ಯಾವುದಿದೆ ಎಂದುಕೊಂಡೆ. ಸೆಲ್ವಿಯ ಮೊಬೈಲಿನಲ್ಲಿ ಅವರದೇ ಬ್ಯಾಂಡಿನ ಒಂದು ಮದುವೆ ಮೆರವಣಿಗೆಯ ವಿಡಿಯೋ ಇತ್ತು. ಮರುದಿನ ಕಾರಿಡಾರಿನಲ್ಲಿ ಅದನ್ನು ಜೋರಾಗಿ ಹಾಕಿದೆ. ಮಾಸ್ಟರ್ ಬೆನ್ನು ನೆಟ್ಟಗಾಯಿತು, ಗಲ್ಲ ಮೇಲೆದ್ದಿತು. ನಡೆದರು ನೋಡಿ! ನರ್ಸುಗಳು ಹೊರಗೆ ಬಂದು ನಿಂತರು, ಫಿಸಿಯೋದವರು ಚಪ್ಪಾಳೆ ತಟ್ಟಿದರು. ನಾನಂತೂ ಕೊಡೆ ಹಿಡಿಯುವುದೊಂದು ಬಾಕಿ. ಮಾಸ್ಟರ್ ಕಾರಿಡಾರಿನ ತುದಿಯ ಬಾಗಿಲಿಗೆ ಬಂದರು. ನಿಂತರು. ಡೋಲು ಬಡಿಯುತ್ತಲೇ ಇದೆ, ಕ್ಲಾರಿನೆಟ್ ಕೂಗುತ್ತಲೇ ಇದೆ, ಅವರ ಕಾಲು ಮಾತ್ರ ಹೊಸ್ತಿಲಿಗೆ ಮೊದಲೇ ನಿಂತಿದೆ. ಮತ್ತೆ ಹಾಕಿದೆವು, ಮತ್ತೆ ನಿಂತರು. ಸದ್ದು ಜೋರು ಮಾಡಿದಷ್ಟೂ ಮುಷ್ಕರ ಗಟ್ಟಿಯಾಯಿತು.

ಅಷ್ಟರಲ್ಲಿ ಸುದ್ದಿ ಮೇಲಿನ ಮಹಡಿಗೆ ಮುಟ್ಟಿ ಡೈರೆಕ್ಟರ್ ಸಾಹೇಬರು ಕ್ಯಾಮೆರಾದವರನ್ನು ಕರೆದುಕೊಂಡೇ ಬಂದರು. ಬಾಗಿಲ ಸಮಸ್ಯೆ ವಿವರಿಸಿದೆ. ಅವರು ಗಂಭೀರವಾಗಿ ಯೋಚಿಸಿ ಪರಿಹಾರ ಹೇಳಿದರು. "ಬಾಗಿಲವರೆಗೂ ಶೂಟ್ ಮಾಡಿ. ಅಲ್ಲಿಗೆ ಕಟ್ ಮಾಡಿ."

ಹಾಗೇ ಮಾಡಿದರು. ಆ ವಿಡಿಯೋ ಲಾಬಿಯ ಟೀವಿಯಲ್ಲಿ ನಾನು ನಿವೃತ್ತಳಾಗುವವರೆಗೂ ಓಡುತ್ತಿತ್ತು. ಮಾಸ್ಟರ್ ರಾಜನ ಹಾಗೆ ನಡೆದುಬರುತ್ತಾರೆ, ಬಾಗಿಲು ಹತ್ತಿರವಾಗುತ್ತದೆ, ಕಮಲ ಅರಳುತ್ತದೆ. ಬೇರೆ ಸಂಗೀತ ಸೇರಿಸಿದ್ದರು, ಬ್ಯಾಂಡು ಬೀದಿಯ ಸದ್ದಿನ ಹಾಗೆ ಕೇಳುತ್ತದೆ ಎಂದು. ಅವತ್ತು ಎಲ್ಲರೂ ಹೋದ ಮೇಲೆ ನಾನು ಮಾಸ್ಟರ್ ಪಕ್ಕ ಕೂತು ಕೇಳಿದೆ, ಬಾಗಿಲಲ್ಲಿ ಏನಾಗುತ್ತದೆ ಎಂದು.

"ಕಾಲು ಬರಲ್ಲ ಮಾ, ಅದು ಕಾಯಿಲೆ. ಆದ್ರೆ ಇನ್ನೊಂದು ಹೇಳ್ಲಾ? ಆ ಪಾಟು, ನೀನು ಹಾಕಿದ ಹಾಡು, ಗಂಡಿನ ಮೆರವಣಿಗೇದು. ಚೌಲ್ಟ್ರಿ ಬಾಗ್ಲಿಗೆ ಬಂದ್ರೆ ಬ್ಯಾಂಡು ನಿಲ್ಬೇಕು. ಆರತಿ ಎತ್ತಿ ಗಂಡನ್ನ ಒಳಗೆ ಕರ್ಕೊಂತಾರೆ. ನಾವು ಸೈಡಿಗೆ ನಿಂತು ನುಡಿಸ್ತಾ ಇರ್ಬೇಕು. ಒಳಗೆ ಹೋಗೋ ಹಾಗಿಲ್ಲ. ಊಟ ಆಮೇಲೆ, ಹಿಂದ್ಗಡೆ." ನಕ್ಕರು. "ಆ ಪಾಟು ಹಾಕಿ ಬಾಗ್ಲು ದಾಟು ಅಂದ್ರೆ ಹೇಗೆ ದಾಟೋದು ಅಂತ ಕಾಲಿಗೂ ಗೊತ್ತಾಗಲ್ಲ, ನಂಗೂ ಗೊತ್ತಾಗಲ್ಲ."

ಎಷ್ಟು ಮದುವೆ ಉಂಡಿದ್ದೇನೆ ನಾನು. ಬ್ಯಾಂಡಿನವರು ಎಲ್ಲಿ ಕೂತು ಉಣ್ಣುತ್ತಾರೆ ಎನ್ನುವ ಯೋಚನೆ ಒಮ್ಮೆಯೂ ಬಂದಿರಲಿಲ್ಲ.

ಡಾಕ್ಟರ್ ನಳಿನಿಗೆ ಹೇಳಿದೆ. ಅವರು ನಗಲಿಲ್ಲ. "ಅದೂ ಇರ್ಬಹುದು. ನನಗನ್ಸೋದು ಅದರ ವೇಗ ಜಾಸ್ತಿ ಆಯ್ತು. ಕಾಲು ಕಟ್ಕೊಳ್ಳೋರಿಗೆ ಅವ್ರ ನಡಿಗೆಗಿಂತ ಸ್ವಲ್ಪ ನಿಧಾನದ ತಾಳ ಕೊಡ್ಬೇಕು. ಅಂಥದ್ದೇನಾದ್ರೂ ಅವ್ರ ಹತ್ರ ಇದ್ಯಾ ಕೇಳಿ."

ಕೇಳಿದೆ. ನಿಧಾನದ್ದು, ಆದರೆ ಬ್ಯಾಂಡು ಬಾಗಿಲಲ್ಲಿ ನಿಲ್ಲದೆ ಒಳಗೆ ಹೋಗುವಂಥದ್ದು ಏನಾದರೂ ಇದೆಯೇ ಎಂದು. ಮಾಸ್ಟರ್ ದನಿ ತಗ್ಗಿಸಿದರು.

"ಒಂದಿದೆ. ಆದ್ರೆ ಆಸ್ಪತ್ರೇಲಿ ನುಡಿಸ್ಬಾರ್ದು ಮಾ."

ಕಂಟೋನ್ಮೆಂಟಿನ ಕ್ರೈಸ್ತರ ಶವಯಾತ್ರೆಗೂ ಈ ಬ್ಯಾಂಡಿನವರನ್ನೇ ಕರೆಯುತ್ತಾರೆ. ಅಲ್ಲಿ ಬ್ಯಾಂಡು ಮುಂದೆ, ಪೆಟ್ಟಿಗೆ ಹಿಂದೆ. ಸಮಾಧಿ ಭೂಮಿಯ ಗೇಟು ಬಂದರೂ ನಿಲ್ಲುವುದಿಲ್ಲ, ಅದೇ ನಿಧಾನದ ಹೆಜ್ಜೆಯಲ್ಲಿ ಒಳಗೆ ನಡೆದು ಗುಂಡಿಯವರೆಗೂ ಹೋಗುತ್ತಾರೆ. "ಆ ಒಂದು ಗೇಟಲ್ಲಿ ನಮ್ಮನ್ನ ಯಾರೂ ನಿಲ್ಲಿಸಲ್ಲ," ಎಂದರು ಮಾಸ್ಟರ್.

"ಹಾಡಿ," ಎಂದೆ.

ಗೋಡೆಯ ಕಂಬಿ ಹಿಡಿದು ಎದ್ದು ನಿಂತರು. ಗಂಟಲಲ್ಲೇ ಶುರು ಮಾಡಿದರು. ನಾನು ತೊಡೆಯ ಮೇಲೆ ತಾಳ ಹಾಕುತ್ತ ಪಕ್ಕದಲ್ಲಿ ನಡೆದೆ. ಭಾರವಾದ, ಅವಸರವಿಲ್ಲದ ಹೆಜ್ಜೆ. ಬಾಗಿಲು ಬಂತು. ಅವರ ದನಿ ಒಂಚೂರು ಗಟ್ಟಿಯಾಯಿತು. ಎಡಗಾಲು ಎದ್ದಿತು, ಹೊಸ್ತಿಲ ಆಚೆ ಬಿತ್ತು. ಬಲಗಾಲು ಅದರ ಹಿಂದೆ ಬಂತು. ಮಾಸ್ಟರ್ ಆಚೆ ಬದಿಯಲ್ಲಿ ನಿಂತು ತಿರುಗಿ ಬಾಗಿಲನ್ನೇ ನೋಡಿದರು. ಆಮೇಲೆ ಅದೇ ಪಾಟಿನಲ್ಲಿ ಈಚೆಗೆ ಬಂದರು, ಮತ್ತೆ ಹೋದರು. ಕಣ್ಣಲ್ಲಿ ನೀರಾಡುತ್ತಿತ್ತು, ಹಾಡು ಮಾತ್ರ ತಪ್ಪಲಿಲ್ಲ.

ಕಾಫಿ ಹಿಡಿದು ಬಂದ ಸೆಲ್ವಿ ಅಲ್ಲೇ ನಿಂತಳು. "ಅಯ್ಯೋ ಮಾವ! ಏನಿದು, ಸಾವಿನ ಬಾಜಾ? ತೂ ತೂ! ಮೇಡಂ, ನೀವಾದ್ರೂ ಹೇಳ್ಬಾರ್ದಾ?"

ಅವಳೊಬ್ಬಳೇ ಅಲ್ಲ. ಆ ಸುತ್ತಿನಲ್ಲಿ ಹುಟ್ಟಿ ಬೆಳೆದವರಿಗೆ ಆ ಪಾಟು ಗೊತ್ತಿಲ್ಲದೆ ಇರುತ್ತದೆಯೇ? ಎದುರು ಕೋಣೆಯ ರೋಗಿಯ ಮಗ ನೇರವಾಗಿ ದೂರು ಕೊಟ್ಟ, ತನ್ನ ತಂದೆ ಇನ್ನೂ ಬದುಕಿದ್ದಾರೆ ಎಂದು. ಡೈರೆಕ್ಟರ್ ನನ್ನನ್ನೂ ಡಾಕ್ಟರ್ ನಳಿನಿಯವರನ್ನೂ ಕರೆಸಿದರು.

"ಆಸ್ಪತ್ರೇಲಿ ಡೆತ್ ಮ್ಯೂಸಿಕ್ಕಾ ಮೇಡಂ? ನಮ್ಮ ಬ್ರ್ಯಾಂಡ್ ಏನಾಗ್ಬೇಕು?"

"ಸರ್, ಅವರು ಬಾಗಿಲು ದಾಟಿದ್ರು."

"ಯಾವ ಬಾಗಿಲು?"

ಆ ಪ್ರಶ್ನೆ ಕೇಳಿದ ಮೇಲೆ ನನಗೆ ಆ ಮನುಷ್ಯನ ಮೇಲೆ ಕೋಪವೂ ಉಳಿಯಲಿಲ್ಲ. ಅವರೇ ನಿಂತು ಶೂಟಿಂಗ್ ಕಟ್ ಮಾಡಿಸಿದ ಬಾಗಿಲು! ಡಾಕ್ಟರ್ ನಳಿನಿ ತಾಳ, ವೇಗ, ನರ ಎಂದು ತಾಳ್ಮೆಯಿಂದ ವಿವರಿಸಿದರು. ಕೋಣನ ಮುಂದೆ ಕಿನ್ನರಿ. "ಎಲ್ಲಾ ಸರಿ ಡಾಕ್ಟ್ರೇ, ಸ್ವಲ್ಪ ಹ್ಯಾಪಿಯಾಗಿರೋದು ಹಾಕಿ," ಎಂದರು ಸಾಹೇಬರು. ಇನ್ನು ಮುಂದೆ ಪಟ್ಟಿಯಲ್ಲಿದ್ದದ್ದು ಬಿಟ್ಟು ಬೇರೇನೂ ಕೇಳಿಸಕೂಡದು ಎಂದು ಅಪ್ಪಣೆಯಾಯಿತು. ಸತ್ತವರನ್ನು ಹಿಂಬಾಗಿಲಿನಿಂದ ಸದ್ದಿಲ್ಲದೆ ಸಾಗಿಸುವ ಜಾಗದಲ್ಲಿ ಸಾವಿನ ಪಾಟಿಗೆ ಎಷ್ಟು ಹೆದರಿಕೆ!

ಮಾಸ್ಟರ್ ಡಿಸ್ಚಾರ್ಜ್ ಆದ ಮೇಲೆ ಒಂದು ರಜೆಯ ದಿನ ಬಾಣಸವಾಡಿಯ ಅವರ ಮನೆಗೆ ಹೋದೆ. ರೋಗಿಯ ಮನೆಗೆ ಹೋಗಬಾರದು ಎಂದು ನಿಯಮವೇನೂ ಇರಲಿಲ್ಲ, ಹೋಗುವವರು ಇರುತ್ತಾರೆ ಎಂದು ಯಾರಿಗೂ ಹೊಳೆದಿರಲಿಲ್ಲ. ರೈಲ್ವೆ ಸ್ಟೇಷನ್ ಹತ್ತಿರದ ಸಣ್ಣ ಮನೆ. ಡಾಕ್ಟರ್ ನಳಿನಿ ಹೇಳಿದ ಹಾಗೆ ಬಾತ್ರೂಮಿನ ಮುಂದಿನ ಕಾಲೊರಸು ತೆಗೆಸಿದೆ, ಗೋಡೆಗೆ ಹಿಡಿಕೆ ಹಾಕಿಸುವ ಜಾಗ ತೋರಿಸಿದೆ, ನೆಲಕ್ಕೆ ಬಣ್ಣದ ಟೇಪು ಅಂಟಿಸಿದೆ. ಮಾತ್ರೆ ತೆಗೆದುಕೊಂಡು ಮೈ ಸಡಿಲಾದ ಮೇಲೆಯೇ ನಡೆಯಬೇಕು ಎಂದೆ. ಸೆಲ್ವಿ ಎಲ್ಲಕ್ಕೂ ತಲೆಯಾಡಿಸಿದಳು. ಪಾಟಿನ ಮಾತು ಬಂದಾಗ ಮಾತ್ರ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ಅದು ಮಾತ್ರ ಬೇಡ ಮೇಡಂ. ದೀಪ ಹಚ್ಚೋ ಮನೆ. ಅಕ್ಕಪಕ್ಕದೋರು ಏನಂತಾರೆ? ನಾನೇ ಕರ್ಕೊಂಡ್ ಹೋಗ್ತೀನಲ್ಲ, ಏನ್ ಕಷ್ಟ ಈಗ?"

ಮಾಸ್ಟರ್ ನನ್ನ ಕಡೆ ನೋಡಿದರು. ಅವರು ನನಗೆ ಗುಟ್ಟಾಗಿ ಹೇಳಿದ್ದನ್ನು ನಾನು ಹೇಳುವ ಹಾಗಿರಲಿಲ್ಲ. ಬಾಯಿ ಮುಚ್ಚಿಕೊಂಡು ಕೂತೆ. ವಾರ್ಡಿನ ಸಿಸ್ಟರ್ ಕಲಿಸಿದ ವಿದ್ಯೆ.

"ಸೆಲ್ವಿ," ಎಂದರು ಮಾಸ್ಟರ್, ನೆಲ ನೋಡಿಕೊಂಡು. "ನೀನು ಅಲ್ಲಿ ನಿಂತಿರ್ತೀಯಲ್ಲ. ನನ್ ಕೈಲಿ ಆಗಲ್ಲಮ್ಮಾ."

ಸೆಲ್ವಿ ಅಲ್ಲೇ ಕೆಳಗೆ ಕೂತಳು. ಆಮೇಲೆ ಮೆಲ್ಲಗೆ, "ನನ್ ಕೈಲೂ ಆಗಲ್ಲ ಮಾವ," ಎಂದಳು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹೊರಗೆ ರೈಲೊಂದು ಹೋಯಿತು. ಸೆಲ್ವಿ ಎದ್ದು ಮೂಗು ಒರೆಸಿಕೊಂಡು ವ್ಯವಹಾರಕ್ಕೆ ಇಳಿದಳು. ಚಿಲಕ ಹಾಕಿಸುತ್ತಾಳಂತೆ, ಆದರೆ ಹೊರಗಿನಿಂದ ಸ್ಕೇಲು ತೂರಿಸಿ ತೆಗೆಯುವ ಥರದ್ದು. ಪಾಟು ಗಂಟಲಲ್ಲೇ ಇರಬೇಕು. ಮಾವ ಹೊರಟಾಗೆಲ್ಲ ತಾನು ಟೀವಿ ಜೋರಾಗಿ ಇಡುವವಳೇ, ಯಾರೂ ಏನೂ ಕೇಳಬಾರದು. ಮಾಸ್ಟರ್ ಎಲ್ಲಕ್ಕೂ ಒಪ್ಪಿದರು.

ಚಿಲಕ, ಹಿಡಿಕೆ ಎಲ್ಲ ಬಂದ ಮೇಲೆ ಇನ್ನೊಂದು ರಜೆಯ ದಿನ ಹೋದೆ. ಸೆಲ್ವಿ ಟೀವಿ ಜೋರು ಮಾಡಿದಳು, ಯಾವುದೋ ಧಾರಾವಾಹಿಯ ಅತ್ತೆ ಕಿರುಚತೊಡಗಿದಳು. ಆ ಕಿರುಚಾಟದ ಅಡಿಯಲ್ಲಿ ಮಾಸ್ಟರ್ ಶುರು ಮಾಡಿದರು. ನಡುಮನೆ ದಾಟಿದರು. ಬಚ್ಚಲ ಮುಂದೆ ಕಾಲು ಒಂದು ಕ್ಷಣ ತಡವರಿಸಿತು. ಸೆಲ್ವಿ ಮುಂದಕ್ಕೆ ನುಗ್ಗಿದಳು, ನಾನು ಅವಳ ಕೈ ಹಿಡಿದೆ. ಮಾಸ್ಟರ್ ಉಸಿರು ತೆಗೆದುಕೊಂಡು ಪಾಟನ್ನು ಮೊದಲಿನಿಂದ ಎತ್ತಿಕೊಂಡರು, ಗೇಟಿನ ಒಳಗೆ ನಡೆಯುವ ಹಾಗೆ ಒಳಗೆ ನಡೆದರು. ಹಿಡಿಕೆ ಹಿಡಿದು ಮೆಲ್ಲನೆ ತಿರುಗಿದರು. ಬಾಗಿಲು ಮುಚ್ಚಿತು. ಚಿಲಕ ಬಿತ್ತು.

ಆ ಕಾಯಿಲೆ ಆಮೇಲೆ ಏರದೆ ಇರಲಿಲ್ಲ, ನಾನು ಪವಾಡ ಮಾರುತ್ತಿಲ್ಲ. ಆ ಹೆಜ್ಜೆ ಎತ್ತಿಸಿದ್ದು ನಿಧಾನದ ತಾಳವೋ ಗೇಟಿನ ನೆನಪೋ, ಅದೂ ನನಗೆ ತಿಳಿಯದು. ಅವತ್ತು ಆದದ್ದಿಷ್ಟು. ಸೆಲ್ವಿ ಟೀವಿ ಆರಿಸಿ, ಸ್ಕೇಲು ಕೈಯಲ್ಲಿ ಹಿಡಿದು, ಬಾಗಿಲಿಗೆ ಕಿವಿಯಿಟ್ಟು ನಿಂತಳು.

"ಮಾವ?"

ಒಳಗಿನಿಂದ ದನಿ ಬಂತು. ಬೀದಿಯುದ್ದ ಬ್ಯಾಂಡನ್ನು ನಡೆಸಿದವರ, ತಪ್ಪು ನುಡಿಸಿದವನನ್ನು ಗದರಿಸಿದವರ ದನಿ. ಆ ಮನೆಯಲ್ಲಿ ಆ ದನಿ ಕೇಳಿ ಬಹಳ ಕಾಲವಾಗಿತ್ತಂತೆ.

"ಬಾತ್ರೂಮ್ ಮುಂದೆ ಏನ್ ಕೆಲ್ಸ ನಿಂಗೆ? ಹೋಗು ಆಕಡೆ!"

ಸೆಲ್ವಿ ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಓಡಿದಳು.